ದೋಣಿ ಇಳೀತಾ ಸಾರ್?

ಬೆಳಗ್ಗೆ ಆರೂಕಾಲಿಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಮ್ಮ ಪಾಡಿಗೆ ನಾವು ನಡೆಯೋಣ ಅಂತ ಹೋದರೆ ಎದುರಿಗೆ ರಾಯರು. ನಮಸ್ಕಾರ ಇಲ್ಲ, ಕಾಫಿ ಆಯ್ತಾ ಅಂತ ಇಲ್ಲ. ಇಪ್ಪತ್ತಡಿ ದೂರದಿಂದಲೇ ಶುರು. "ಏನ್ಸಾರ್, ದೋಣಿ ಇಳೀತಾ?"

ನಿನ್ನೆಗೆ 23ನೇ ದಿನ. ಪಕ್ಕದಲ್ಲಿ ನಡೆಯುವವರೆಲ್ಲ ಒಮ್ಮೆ ನನ್ನನ್ನು, ಒಮ್ಮೆ ಕೆರೆಯನ್ನು ನೋಡುತ್ತಾರೆ. ಈ ಮನುಷ್ಯ ಕೆರೆಗೆ ದೋಣಿ ಬಿಡ್ತಿದ್ದಾನೆ ಅಂತ ಯಾರಾದರೂ ಕಂಪ್ಲೇಂಟ್ ಕೊಡೋದೊಂದು ಬಾಕಿ.

ದೋಣಿ ನನ್ನದಲ್ಲ, ಮಗನದು. ಇಂಗ್ಲೆಂಡಿನಲ್ಲಿ ಕೆಲಸ. ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿ ಎರಡು ವರ್ಷದ ಹಿಂದೆ ಒಂದು ಹಳೇ ದೋಣಿ ಕೊಂಡ. ವಾಸ ಅದರಲ್ಲೇ. ನ್ಯಾರೋಬೋಟ್ ಅಂತಾರೆ. ಕಲ್ಲಿದ್ದಲು ಸಾಗಿಸೋಕೆ ಅಂತ ಹಿಂದೆ ತೋಡಿದ ಕಾಲುವೆಗಳು ಅಲ್ಲಿ ಬೇಕಾದಷ್ಟಿವೆ. ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸೋ ಅವುಗಳ ಲಾಕ್ ಗೇಟುಗಳೇ ಸುಮಾರು 7 ಅಡಿ ಅಗಲ, ಹಾಗಾಗಿ ದೋಣಿ 6 ಅಡಿ 10 ಇಂಚು. ಉದ್ದ 57 ಅಡಿ. ಲೆಕ್ಕ ಹಾಕಿದೆ, ನಮ್ಮ 30-40 ಸೈಟಿನ ಮೂರನೇ ಒಂದು ಭಾಗ. ಅಡುಗೆಮನೆ, ಸ್ನಾನದ ಮನೆ, ಸೌದೆ ಒಲೆ ಎಲ್ಲ ಒಂದರ ಹಿಂದೆ ಒಂದು, ರೈಲು ಬೋಗಿ ಥರ.

ಸಂಬಂಧ ನೋಡುವವರಿಗೆ ಇದನ್ನು ಹೇಳುವುದು ಹೇಗೆ ಸ್ವಾಮಿ? "ಹುಡುಗನಿಗೆ ಸ್ವಂತ ಮನೆ ಇದೆಯಾ?" ಇದೆ. "ಎಲ್ಲಿ?" ಈ ವಾರ ಎಲ್ಲಿ ಅಂತ ಕೇಳಿ ಹೇಳ್ತೀನಿ. ಯಾಕಂದ್ರೆ ಖಾಯಂ ಜಾಗ ಇಲ್ಲದವರು ಅಲ್ಲಿ 14 ದಿನಕ್ಕಿಂತ ಜಾಸ್ತಿ ಒಂದೇ ಕಡೆ ದೋಣಿ ಕಟ್ಟುವ ಹಾಗಿಲ್ಲ. "ಬಾಗಿಲು ಯಾವ ದಿಕ್ಕಿಗೆ?" ಕಾಲುವೆ ತಿರುಗಿದ ದಿಕ್ಕಿಗೆ. ಮಂಡ್ಯದ ನನ್ನ ಭಾಮೈದನ ಚಿಂತೆ ಇನ್ನೊಂದು ಥರ. "ಭಾವ, ನಾಲೆಗೆ ಕಟ್ಟು ಪದ್ಧತೀಲಿ ನೀರು ಬಿಟ್ರೆ ಅವನ ಕಥೆ ಏನು?" ಅವನು ಕಂಡಿರೋದು ಗದ್ದೆಗೆ ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸೋ ವಿ.ಸಿ. ನಾಲೆ. ಕನ್ನಂಬಾಡಿಯಲ್ಲಿ 124 ಅಡಿ ತುಂಬಿದೆ ಅಂತ ಪೇಪರಲ್ಲಿ ಬಂದ ದಿನವೂ ಫೋನ್ ಮಾಡಿ, ಅಲ್ಲಿ ಡ್ಯಾಮ್ ಲೆವೆಲ್ ಎಷ್ಟಿದೆ ಕೇಳಿ ಅಂದಿದ್ದ.

ಇರಲಿ, ರಿಪೇರಿ ವಿಷಯಕ್ಕೆ ಬರೋಣ. ಎರಡು ಮೂರು ವರ್ಷಕ್ಕೊಮ್ಮೆ ದೋಣಿಯನ್ನು ನೀರಿಂದ ಎತ್ತಿ, ಪಾಚಿ ತೊಳೆದು, ತಳಕ್ಕೆ ಡಾಂಬರಿನಂಥ ಕಪ್ಪು ಬಳಿಯಬೇಕು. ಒಂದೇ ವಾರದ ಕೆಲಸ ಅಂದ ಮಗ. ನಾನು ನಂಬಿದೆ. ಅಷ್ಟರಲ್ಲಿ ಸರ್ವೇಯರ್ ಬಂದು, ಸ್ಕ್ಯಾನಿಂಗ್ ಸೆಂಟರಿನಲ್ಲಿ ಹೊಟ್ಟೆ ಮೇಲೆ ಆಡಿಸ್ತಾರಲ್ಲ, ಅಂಥದ್ದೊಂದು ಮೀಟರನ್ನು ದೋಣಿಯ ಪಕ್ಕೆ ತಗಡಿನ ಮೇಲೆಲ್ಲ ಆಡಿಸಿದ. 6 ಮಿಲಿಮೀಟರ್ ದಪ್ಪ ಇದ್ದ ಉಕ್ಕು ಕೆಲವು ಕಡೆ ಮೂರೂವರೆಗೆ ಇಳಿದಿದೆಯಂತೆ. ಇನ್ಶೂರೆನ್ಸಿನವರಿಗೆ ನಾಲ್ಕಾದರೂ ಬೇಕು. ಸರಿ, ಮೇಲೊಂದು ಪ್ಲೇಟ್ ವೆಲ್ಡ್ ಮಾಡಿಸಬೇಕು. ವೆಲ್ಡರ್ "ಗುರುವಾರ ಬರ್ತೀನಿ" ಅಂದ. ಯಾವ ಗುರುವಾರ ಅಂತ ಹೇಳಿರಲಿಲ್ಲ.

ನೋಡಿ, ನಮ್ಮ ಪ್ಲಂಬರ್‌ಗೆ ನಾನು ಎಷ್ಟು ಸಲ ಭಾಷಣ ಬಿಗಿದಿದ್ದೀನಿ, ಫಾರಿನ್ನಲ್ಲಿ ಒಂಬತ್ತು ಗಂಟೆ ಅಂದ್ರೆ ಒಂಬತ್ತೇ ಕಣಯ್ಯಾ ಅಂತ. ನಮ್ಮ ಬಚ್ಚಲಮನೆ ನಲ್ಲಿ ಸೋರೋಕೆ ಶುರುವಾಗಿದ್ದೂ ದೋಣಿ ಮೇಲೆ ಬಂದ ವಾರವೇ. ಇವನು "ನಾಳೆ" ಅಂತಾನೆ, ಅವನು "ಗುರುವಾರ" ಅಂತಾನೆ, ಅಷ್ಟೇ ವ್ಯತ್ಯಾಸ. ಯಾರ್ಡಿನಲ್ಲಿ ದೋಣಿ ನಿಂತಷ್ಟು ದಿನವೂ ಬಾಡಿಗೆ ಬೇರೆ! ಬಾಡಿಗೆ ತಪ್ಪಿಸೋಕೆ ತಾನೆ ದೋಣಿ ಕೊಂಡಿದ್ದು, ಮಹರಾಯ?

ರಾಯರಿಗೆ ಇದೆಲ್ಲ ಗೊತ್ತಾಗಿದ್ದು ನನ್ನದೇ ತಪ್ಪಿನಿಂದ. ಅವರು ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿದ್ದು ರಿಟೈರ್ ಆದವರು. ಉಕ್ಕು ಅಂದ ತಕ್ಷಣ ಕಿವಿ ನೆಟ್ಟಗಾಯ್ತು. ಅವರಿಗೊಂದು ಅಭ್ಯಾಸ ಇದೆ. ಕಂಡದ್ದನ್ನೆಲ್ಲ ಸ್ಕೂಟರ್ ಕೀಲಿಯಲ್ಲಿ ಟಣ್ ಅಂತ ಬಡಿದು ನೋಡುತ್ತಾರೆ. ನಮ್ಮ ಗೇಟು, ಬೀರು, ಹೊಸ ಫ್ರಿಜ್ಜು, ಯಾವುದನ್ನೂ ಬಿಟ್ಟಿಲ್ಲ. ಬಡಿದು ಕಿವಿ ಓರೆ ಮಾಡಿ, "ಮೋಸ ಮಾಡಿದ್ದಾನೆ ಸಾರ್, ತೆಳು" ಅಂತಾರೆ. ಒಮ್ಮೆ ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಸಾರಿನ ಬಕೆಟ್ಟನ್ನೇ ಬಡಿದಿದ್ದರು. ಬಡಿಸುವವನು ಇನ್ನೂ ಬೇಕೇನೋ ಅಂದುಕೊಂಡು ಎರಡು ಸೌಟು ಜಾಸ್ತಿ ಹಾಕಿ ಹೋದ.

"ಮೀಟರ್ ಎಲ್ಲ ಸುಳ್ಳು ಸಾರ್, ಸುತ್ತಿಗೆಯಲ್ಲಿ ಬಡಿಯೋಕೆ ಹೇಳಿ, ನಾನು ಕೇಳ್ತೀನಿ" ಅಂದರು. ತಮಾಷೆಗೆ ಅಂದುಕೊಂಡೆ. ರಾತ್ರಿ ಹತ್ತೂವರೆಗೆ, ಅಂದ್ರೆ ಅಲ್ಲಿ ಸಂಜೆ ಆರಕ್ಕೆ, ಮಫ್ಲರ್ ಸುತ್ತಿಕೊಂಡು ಬಂದೇ ಬಿಟ್ಟರು. ಟೀಪಾಯಿ ಮೇಲೆ ಫೋನು, ಸುತ್ತ ನಾವು ಮೂವರು. ನನ್ನ ಹೆಂಡತಿ ಫ್ಯಾನ್ ಆಫ್ ಮಾಡಿದಳು. ಮಗ ಅಲ್ಲಿ ದೋಣಿ ಉದ್ದಕ್ಕೂ ಬಡಿಯುತ್ತಾ ಹೋದ. ಟಣ್. "ಮುಂದೆ." ಟಣ್. "ಮುಂದೆ." ಟಣ್, ಟಣ್, ಡಬ್. ರಾಯರು ಕೈ ಎತ್ತಿದರು. "ನಿಲ್ಸು! ಅಲ್ಲೇ ಹೋಗಿದೆ ತಗಡು!"

"ಅಂಕಲ್, ಅದು ಪ್ಲೈವುಡ್. ಕಿಟಕಿಗೆ ಅಡ್ಡ ಇಟ್ಟಿದ್ದೀನಿ."

ರಾಯರು ಒಂದು ಚೂರೂ ಅಲುಗಲಿಲ್ಲ. ನನ್ನ ಕಡೆ ತಿರುಗಿ, "ನೋಡಿದ್ರಾ? ಇಲ್ಲಿಂದಾನೇ ಗೊತ್ತಾಯ್ತು" ಅಂದರು. ಆಮೇಲೆ ಕಾಫಿ ಕುಡಿದು, ಲೋಟ ಬಡಿದು ನೋಡಿ ಹೋದರು.

ನಾಲ್ಕನೇ ಗುರುವಾರ ವೆಲ್ಡರ್ ಬಂದ. ಪ್ಲೇಟು ಕೂತಿತು. ತಳಕ್ಕೆ ಹೊಸ ಮೆಗ್ನೀಸಿಯಂ ಗಟ್ಟಿಗಳನ್ನೂ ಕೂರಿಸಿದರು. ಅವು ತಾವು ಸವೆದು ದೋಣಿಯ ಉಕ್ಕನ್ನು ಉಳಿಸುತ್ತವಂತೆ. "ದೃಷ್ಟಿಗೊಂಬೆ ಅನ್ನು" ಅಂದಳು ಹೆಂಡತಿ, ಅವಳಿಗೆ ಒಂದೇ ಸಲಕ್ಕೆ ಅರ್ಥವಾಯ್ತು. ಕೊನೆಗೆ ಮಗ ಕಪ್ಪು ಬಳಿದ. ಬ್ರಶ್ಶು ಕ್ಯಾನಿಗೆ ಅದ್ದಿ ತೋರಿಸಿದಾಗ, ಫೋನಲ್ಲಿ ಎಲ್ಲಿ ಬರಬೇಕು ಹೇಳಿ, ಆದರೂ ನನಗೆ ಡಾಂಬರಿನ ವಾಸನೆ ಬಂತು. ಶ್ರೀರಂಗಪಟ್ಟಣದ ಹೊಳೆದಂಡೆಯಲ್ಲಿ ಹರಿಗೋಲುಗಳನ್ನು ಬೋರಲು ಹಾಕಿ ಹೀಗೇ ಕಪ್ಪು ಬಳಿಯುತ್ತಿದ್ದರು. ಹತ್ತಿರ ಹೋದರೆ ಅಪ್ಪ ಶರ್ಟಿನ ಕಾಲರ್ ಹಿಡಿದು ಎಳೆಯುತ್ತಿದ್ದರು, ನೀರಿನ ತಂಟೆ ಬೇಡ ಅಂತ. ಮೊಮ್ಮಗ ನೀರಿನ ಮೇಲೇ ಮಲಗುತ್ತಾನೆ ಅಂತ ಗೊತ್ತಾಗಿದ್ದರೆ ಯಾರ ಕಾಲರ್ ಹಿಡಿಯುತ್ತಿದ್ದರೋ.

ನಿನ್ನೆ ಇಳಿಸೋ ದಿನ. ಪೂಜೆ ಆಗಲೇಬೇಕು ಅಂತ ಹೆಂಡತಿ. ಅರಿಶಿನ ಕುಂಕುಮ ಆಯ್ತು. ಕುಂಬಳಕಾಯಿ ಒಡೆಯೋಕೆ ಯಾರ್ಡಿನವರು ಬಿಡಲಿಲ್ಲ, ಯಾರಾದರೂ ಜಾರಿ ಬೀಳ್ತಾರಂತೆ. ನಿಂಬೆಹಣ್ಣು? ದೋಣಿಗೆ ಚಕ್ರವೇ ಇಲ್ಲ! ಎತ್ತಿಳಿಸೋ ಕ್ರೇನಿಗೆ ಇದೆಯಲ್ಲ, ಅದರ ಚಕ್ರಕ್ಕೆ ಇಡು ಅಂದೆ. "ಅದರಿಂದ ಕ್ರೇನಿನವನಿಗೆ ಒಳ್ಳೇದಾಗುತ್ತೆ, ನಮಗೇನು ಬಂತು?" ಅಂದಳು. ಅವಳು ಹೇಳಿದ್ದೂ ಸರಿಯೇ. ಹತ್ತು ನಿಮಿಷ ಚರ್ಚೆ. ಅಷ್ಟು ಹೊತ್ತೂ ಮಗನ ಹಿಂದೆ ಆ ಕ್ರೇನಿನವನು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. ಕೊನೆಗೆ ಚುಕ್ಕಾಣಿಗೆ ಮೆಣಸಿನಕಾಯಿ ಜೊತೆ ಕಟ್ಟಿದ್ದಾಯ್ತು. ದೋಣಿ ಇಳೀತು.

ಇವತ್ತು ಬೆಳಗ್ಗೆ ಏರಿ ಮೇಲೆ ರಾಯರು ಬಾಯಿ ತೆರೆಯುವ ಮೊದಲೇ ಹೇಳಿದೆ. "ಇಳೀತು ರಾಯರೇ."

"ಓ" ಅಂದರು. ಮುಖ ಸಪ್ಪಗಾಯ್ತು. ಪಕ್ಕದಲ್ಲೇ ಸ್ವಲ್ಪ ದೂರ ಸುಮ್ನೆ ನಡೆದರು. ಕೀಲಿ ಜೇಬಿನಲ್ಲೇ ಇತ್ತು. ನನಗೇ ಒಂಥರಾ ಆಯ್ತು.

"ಹಿಂದುಗಡೆ ಪ್ರೊಪೆಲ್ಲರ್ ಶಾಫ್ಟ್ ಹತ್ರ ಸ್ವಲ್ಪ ಹನಿ ಬೀಳ್ತಿದೆಯಂತೆ" ಅಂದೆ. "ಅಲ್ಲಿ ಒಂದೆರಡು ಹನಿ ಬೀಳಲೇಬೇಕಂತೆ, ಏನೂ ತೊಂದರೆ ಇಲ್ಲವಂತೆ."

ರಾಯರು ನಿಂತುಬಿಟ್ಟರು. ಕಣ್ಣು ಅರಳಿತು.

"ಸೋರ್ತಿದೆಯಾ? ನಿಮಿಷಕ್ಕೆ ಎಷ್ಟು ಹನಿ ಕೇಳಿ ಸಾರ್. ರಾತ್ರಿ ಬರ್ತೀನಿ."