ಜಾಗಟೆ ಬಾರಿಸಿ ಕರೆದ ಊಟ

ಬೇರೆ ದೇಶದ ಅಡುಗೆ ಮಾಡಿ ನಾಲ್ಕು ಜನರನ್ನು ಊಟಕ್ಕೆ ಕರೆದರೆ ಆ ದೇಶದವರಿಗೆ ಬೇಜಾರಾಗುತ್ತದಾ? ಅಡುಗೆಗೆ ಆಗುವುದಿಲ್ಲ ಬಿಡಿ. ಎಷ್ಟೇ ಕೆಟ್ಟದಾಗಿ ಮಾಡಿದರೂ ನಕ್ಕು ನುಂಗುತ್ತಾರೆ. ತಕರಾರು ಶುರುವಾಗುವುದು ಅಡುಗೆಯ ಜೊತೆ ನಾಟಕವೂ ಸೇರಿಕೊಂಡಾಗ.

ಗೆಳತಿಯೊಬ್ಬಳು 'ಜಪಾನ್ ರಾತ್ರಿ' ಅಂತ ಊಟ ಇಟ್ಟುಕೊಂಡಿದ್ದಳು. ಕಾಗದದ ಲಾಟೀನು, ಕೂರಲು ನೆಲದ ಮೇಲೆ ದಿಂಬು, ಬಾಗಿಲಲ್ಲಿ ಒಂದು ಜಾಗಟೆ. ಜಾಗಟೆ ಯಾಕೆ ಅಂದರೆ 'ಸಿನಿಮಾದಲ್ಲಿ ಇರುತ್ತಲ್ವಾ' ಅಂದಳು. ಅದನ್ನು ಬಾರಿಸುತ್ತಾ ನಿಂತಿದ್ದ ಅವಳ ಗಂಡ, ಬಾಡಿಗೆ ಕಿಮೋನೋದ ಬಲಗಡೆಯ ಅಂಚನ್ನು ಮೇಲೆ ತಂದು ನೀಟಾಗಿ ಕಟ್ಟಿಕೊಂಡಿದ್ದ. ಜಪಾನಿನಲ್ಲಿ ಗಂಡಸಾಗಲಿ ಹೆಂಗಸಾಗಲಿ, ಎಡಗಡೆಯ ಅಂಚೇ ಮೇಲೆ ಬರಬೇಕು. ಬಲಗಡೆಯದು ಮೇಲೆ ಬರುವುದು ಹೆಣಕ್ಕೆ ಉಡಿಸುವಾಗ. ಅಂದರೆ ಪುಣ್ಯಾತ್ಮ ತನ್ನದೇ ಶವಯಾತ್ರೆಯ ಉಡುಪಿನಲ್ಲಿ ನಗುನಗುತ್ತಾ ನಮ್ಮನ್ನೆಲ್ಲ ಒಳಗೆ ಕರೆಯುತ್ತಿದ್ದ.

ಒಳಗೆ ಹೋದರೆ ಪ್ರತಿ ಬಟ್ಟಲಿನ ಅನ್ನದಲ್ಲೂ ಚಾಪ್‌ಸ್ಟಿಕ್ ನೆಟ್ಟಗೆ ಚುಚ್ಚಿಟ್ಟಿದ್ದಾರೆ, ಫೋಟೋಗೆ ಚೆನ್ನಾಗಿ ಕಾಣುತ್ತೆ ಅಂತ. ಅಲ್ಲಿ ಹಾಗೆ ಚುಚ್ಚುವುದು ಸತ್ತವರ ಮುಂದೆ ಇಡುವ ಅನ್ನಕ್ಕೆ. ಆಮೇಲೆ ಒಂದು ಜೋಡಿಗೆ ಪ್ರೀತಿ ಉಕ್ಕಿ, ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ಮೀನಿನ ತುಂಡು ದಾಟಿಸುವ ಆಟ ಶುರುವಾಯಿತು. ಅಲ್ಲಿ ದಹನ ಮುಗಿದ ಮೇಲೆ ಮನೆಯವರು ಮೂಳೆಗಳನ್ನು ಹೀಗೇ ಕಡ್ಡಿಯಿಂದ ಕಡ್ಡಿಗೆ ದಾಟಿಸುತ್ತಾರೆ. ಒಟ್ಟಿನಲ್ಲಿ ಪಾರ್ಟಿ ಹೆಸರಿನಲ್ಲಿ ಒಂದು ಅಂತ್ಯಕ್ರಿಯೆ ಸಾಂಗವಾಗಿ ನೆರವೇರಿತು.

ಇದನ್ನೆಲ್ಲ ಆಮೇಲೆ ಪಿಸುಗುಟ್ಟಿದ್ದು ಅಲ್ಲೇ ಮೂಲೆಯಲ್ಲಿದ್ದ ಜಪಾನಿ ಅತಿಥಿ, ಗೆಳತಿಯ ಸಹೋದ್ಯೋಗಿ. ಪಾಪ, ಅವರ ಪಾಡು ನೋಡಬೇಕಿತ್ತು. ಜೀನ್ಸ್ ಹಾಕಿಕೊಂಡು ಬಂದಿದ್ದಕ್ಕೆ 'ಅಯ್ಯೋ, ನೀವೇ ವೇಷ ಹಾಕಿಲ್ವಲ್ಲ' ಅಂತ ಒಬ್ಬರು ನೊಂದುಕೊಂಡರು. ಸೂಪ್ ಸರಿಯಾಗಿದೆಯಾ, ಕೂತಿದ್ದು ಸರಿಯಾಗಿದೆಯಾ, ಬಗ್ಗಿದ್ದು ಸಾಕಾ, ಇನ್ನೂ ಜಾಸ್ತಿ ಬಗ್ಗಬೇಕಾ ಅಂತ ಎಲ್ಲರೂ ಮಾರ್ಕ್ಸ್‌ಗೆ ಕಾದ ಹುಡುಗರ ಹಾಗೆ ಸುತ್ತ ನಿಂತರೆ, ಮನುಷ್ಯ ತುತ್ತು ಎತ್ತುವುದು ಯಾವಾಗ? ನನ್ನನ್ನು ಕೇಳಿದರೆ ಕಿಮೋನೋಗಿಂತ ಇದೇ ದೊಡ್ಡ ತಪ್ಪು. ತಿಳಿಯದೆ ಮಾಡಿದ್ದಕ್ಕೆ ಅವರು ನಕ್ಕು ಸುಮ್ಮನಾದರು. ಆದರೆ ಊಟಕ್ಕೆ ಕರೆದು ಇಡೀ ದೇಶದ ಪರವಾಗಿ ಉತ್ತರ ಹೇಳಿಸಿದರೆ ಯಾರಿಗಾದರೂ ಸುಸ್ತಾಗುತ್ತದೆ. ಟೆಂಪುರಾ ಬಂದಾಗ ಯಾರೋ 'ಇದಂತೂ ಅಪ್ಪಟ ಜಪಾನಿ, ಅಲ್ವಾ?' ಅಂದರು. 'ಹಿಟ್ಟಿನಲ್ಲಿ ಅದ್ದಿ ಕರಿಯುವುದನ್ನು 16ನೇ ಶತಮಾನದಲ್ಲಿ ಪೋರ್ಚುಗೀಸರು ತಂದದ್ದು' ಅಂದವರೇ, ಎಲ್ಲರೂ ಬಾಯಿ ಬಿಟ್ಟುಕೊಂಡು ನಿಂತಾಗ ಅವಸರದಲ್ಲಿ ಇನ್ನೆರಡು ಹಾಕಿಸಿಕೊಂಡರು.

ಈಗ ಗೆಳತಿಯಿಂದ ಮೇ 5ಕ್ಕೆ 'ಮೆಕ್ಸಿಕೋ ಸ್ವಾತಂತ್ರ್ಯ ದಿನ'ದ ಊಟಕ್ಕೆ ಕರೆ ಬಂದಿದೆ. ದೊಡ್ಡ ಟೋಪಿ, ಅಂಟಿಸುವ ಮೀಸೆ ಕಡ್ಡಾಯವಂತೆ. ಮೇ 5 ಅಂದರೆ 1862ರಲ್ಲಿ ಮೆಕ್ಸಿಕೋದವರು ತಮ್ಮ ಪ್ಯೂಬ್ಲಾ ನಗರದಲ್ಲಿ ಫ್ರೆಂಚ್ ಸೇನೆಯನ್ನು ಸೋಲಿಸಿದ ದಿನ, ಸ್ವಾತಂತ್ರ್ಯದ್ದು ಸೆಪ್ಟೆಂಬರ್ 16ಕ್ಕೆ ಕಣೇ ಅಂದೆ.

'ಹಾಗಾದ್ರೆ ಎರಡೂ ದಿನ ಮಾಡೋಣ, ಮೀಸೆ ಹೇಗೂ ತಂದಾಗಿದೆ' ಅಂದಳು.