ಇಮ್ಯುನಿಟಿ ಏರಿಸ್ತೀವಿ, ಉರಿಯೂತ ಇಳಿಸ್ತೀವಿ, ಎರಡೂ ಒಂದೇ ಕಾಂಬೋದಲ್ಲಿ

ಸಪ್ಲಿಮೆಂಟ್ ಮಾರೋರ ಧೈರ್ಯಕ್ಕೆ ಕೈ ಮುಗೀಬೇಕು ಕಣ್ರೀ. ಒಂದು ಬಾಟಲಿ ಮೇಲೆ ದಪ್ಪಕ್ಷರದಲ್ಲಿ "ಇಮ್ಯುನಿಟಿ ಬೂಸ್ಟರ್" ಅಂತ ಇರುತ್ತೆ, ಅದರ ಪಕ್ಕದ ಬಾಟಲಿ ಮೇಲೆ "ಆಂಟಿ ಇನ್‌ಫ್ಲಮೇಟರಿ, ಉರಿಯೂತಕ್ಕೆ ಗುಡ್‌ಬೈ" ಅಂತ ಇರುತ್ತೆ, ಎರಡೂ ಒಟ್ಟಿಗೆ ತಗೊಂಡ್ರೆ ಡಿಸ್ಕೌಂಟು. ಬೆಳಿಗ್ಗೆ ಎದ್ದ ತಕ್ಷಣ ಅದು, ರಾತ್ರಿ ಮಲಗೋ ಮುಂಚೆ ಇದು. ಜನ ಎರಡನ್ನೂ ಆರ್ಡರ್ ಮಾಡಿ ಆರಾಮಾಗಿ ಇರ್ತಾರೆ, ಒಬ್ಬರಾದ್ರೂ, ಅಲ್ಲ ಸ್ವಾಮಿ, ಇದು ಏರಿಸಿದ್ದನ್ನೇ ಅದು ಇಳಿಸೋದಾದ್ರೆ ನಾನು ದುಡ್ಡು ಕೊಟ್ಟಿದ್ದು ಯಾತಕ್ಕೆ, ಇವೆರಡೂ ನನ್ನ ಹೊಟ್ಟೆಯೊಳಗೆ ಕುಸ್ತಿ ಆಡೋದಕ್ಕಾ ಅಂತ ಕೇಳೋದೇ ಇಲ್ಲ.

ಉರಿಯೂತ ಅನ್ನೋದು ಬೇರೆ ಏನೂ ಅಲ್ಲ, ಇಮ್ಯುನಿಟಿ ಕೆಲಸಕ್ಕೆ ಇಳಿದಾಗ ಹೊರಗೆ ಕಾಣೋದೇ ಅದು. ಮುಳ್ಳು ಚುಚ್ಚಿದ ಜಾಗ ಕೆಂಪಾಗುತ್ತೆ, ಬಿಸಿಯಾಗುತ್ತೆ, ಊದ್ಕೊಳ್ಳುತ್ತೆ, ನೋಯುತ್ತೆ. ಈ ನಾಲ್ಕನ್ನೂ ರೋಮ್‌ನ ಸೆಲ್ಸಸ್ ಅನ್ನೋ ಲೇಖಕ ಸುಮಾರು 2000 ವರ್ಷದ ಹಿಂದೆನೇ ಬರೆದಿಟ್ಟು ಹೋಗಿದಾನೆ. ಒಳಗೆ ಆಗೋದೇನಪ್ಪಾ ಅಂದ್ರೆ ಅಲ್ಲಿನ ರಕ್ತನಾಳ ಹಿಗ್ಗುತ್ತೆ, ಅದರ ಗೋಡೆ ಸಡಿಲ ಆಗಿ ನೀರಂಶ ಹೊರಗೆ ಸೋರುತ್ತೆ, ಹಿಂದೆನೇ ಬಿಳಿ ರಕ್ತಕಣಗಳು ನುಗ್ಗಿ ಬಂದು ಸಿಕ್ಕಿದ ಬ್ಯಾಕ್ಟೀರಿಯಾನೆಲ್ಲ ನುಂಗ್ತವೆ, ನುಂಗಿ ತಾವೂ ಸಾಯ್ತವೆ, ಆ ಹೆಣದ ರಾಶಿ ನೋಡಿನೇ ನಾವು ಅಯ್ಯೋ ಕೀವು ಅಂತ ಮುಖ ಸಿಂಡರಿಸೋದು. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಇಲ್ಯಾ ಮೆಚ್ನಿಕಾಫ್ ಅನ್ನೋ ವಿಜ್ಞಾನಿ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಗುಲಾಬಿ ಮುಳ್ಳು ಚುಚ್ಚಿ ಬಿಟ್ರು, ಮಾರನೇ ದಿನ ನೋಡಿದ್ರೆ ಮುಳ್ಳಿನ ಸುತ್ತ ಕಣಗಳು ಮುತ್ತಿಕೊಂಡು ಕೂತಿದ್ವು. ಈ ದಾರಿಯಲ್ಲಿ ಮಾಡಿದ ಕೆಲಸಕ್ಕೆ 1908ರಲ್ಲಿ ನೊಬೆಲ್ಲೂ ಬಂತು. ಇವತ್ತಾಗಿದ್ರೆ ಯಾರಾದ್ರೂ ವೆಲ್‌ನೆಸ್ ಕೋಚ್ ಬಂದು, ಸರ್ ನಿಮ್ಮ ಮೀನಿಗೆ ಇನ್‌ಫ್ಲಮೇಶನ್ ಜಾಸ್ತಿ ಆಗಿದೆ, ಮೊದ್ಲು ಡಿಟಾಕ್ಸ್ ಮಾಡ್ಸಿ ಅಂತಿದ್ರು.

ಹಾಗಂತ ಉರಿಯೂತ ಎಲ್ಲಾ ಒಳ್ಳೇದು ಅಂತಲೂ ಅಲ್ಲ. ಮುಗೀಬೇಕಾದ ಹೊತ್ತಿಗೆ ಮುಗೀದೆ ವರ್ಷಗಟ್ಟಲೆ ಎಳೆದ್ರೆ ಕೀಲು, ಕರುಳು, ರಕ್ತನಾಳದ ಗೋಡೆ ಯಾವುದನ್ನೂ ಬಿಡಲ್ಲ ಅದು. ಆದ್ರೆ ಅದು ನಿಜವಾದ ಕಾಯಿಲೆ, ಅದಕ್ಕೆ ನಿಜವಾದ ಔಷಧಿಗಳಿವೆ, ಆ ಔಷಧಿ ಡಬ್ಬಿ ಮೇಲೆ ಯಾರೂ ಸೂರ್ಯೋದಯದ ಫೋಟೋ ಹಾಕಲ್ಲ.

ಸರಿ, ಬೂಸ್ಟ್ ಮಾಡ್ತೀವಿ ಅಂತೀರಲ್ಲ, ಯಾವುದನ್ನ ಅಂತಾನಾದ್ರೂ ಹೇಳಿ. ಇಮ್ಯುನಿಟಿ ಏನು ಒಂದೇ ವಸ್ತುನಾ, ಗ್ಲಾಸಲ್ಲಿ ಅರ್ಧ ಇದೆ ತುಂಬಿಸ್ತೀವಿ ಅನ್ನೋದಕ್ಕೆ? ನ್ಯೂಟ್ರೋಫಿಲ್ ಅನ್ನೋ ಬಿಳಿ ಕಣಗಳನ್ನೇ ತಗೊಳ್ಳಿ, ಮೂಳೆಮಜ್ಜೆ ದಿನಾ ಸುಮಾರು 10,000 ಕೋಟಿ ತಯಾರು ಮಾಡುತ್ತೆ, ಯಾರ ವಿಟಮಿನ್ ಗಮ್ಮಿಗೂ ಕಾಯದೆ. ಅದು ಸಾಲದಾ? ಪ್ರತಿಕಾಯ, ಅಂದ್ರೆ ರೋಗಾಣುನ ಗುರುತಿಸಿ ಅಂಟಿಕೊಳ್ಳೋ ಪ್ರೋಟೀನು, ಅದನ್ನ ಏರಿಸ್ತೀರಾ? ಯಾವ ಪ್ರತಿಕಾಯ? ಐಜಿಇ ಅಂತ ಒಂದಿದೆ, ಹೊಟ್ಟೆಹುಳದಂಥ ಪರಾವಲಂಬಿಗಳ ವಿರುದ್ಧ ಕೆಲಸಕ್ಕೆ ಬರೋದು, ಅದನ್ನ ಏರಿಸಿ ನೋಡೋಣ. ಏರಿಸಿದ್ರೆ ಆಗೋದೇ ಅಲರ್ಜಿ. ಹೂವಿನ ಪರಾಗ, ಧೂಳಿನ ಹುಳದ ಹಿಕ್ಕೆ, ಬೆಕ್ಕಿನ ಜೊಲ್ಲಲ್ಲಿರೋ ಒಂದು ಪ್ರೋಟೀನು, ಇಂಥ ನಿರುಪದ್ರವಿ ವಸ್ತು ಮೊದಲನೇ ಸಲ ಬಂದಾಗ ದೇಹ ಗಪ್‌ಚುಪ್ಪಾಗಿ ಅದಕ್ಕೆ ಅಂತಲೇ ಐಜಿಇ ಮಾಡಿಟ್ಟುಕೊಳ್ಳುತ್ತೆ, ಅದು ಹೋಗಿ ಮಾಸ್ಟ್ ಕಣಗಳು ಅನ್ನೋ ಇಮ್ಯುನಿಟಿ ಕಣಗಳ ಮೈಮೇಲೆ ಕೂರುತ್ತೆ, ಮುಂದಿನ ಸಲ ಅದೇ ಪರಾಗ ಬಂತೋ, ಮಾಸ್ಟ್ ಕಣ ಹೊಟ್ಟೆ ಬಿರಿದು ಹಿಸ್ಟಮಿನ್ ಅನ್ನೋ ರಾಸಾಯನಿಕ ಸುರಿದುಬಿಡುತ್ತೆ. ಆಮೇಲೆ ಶುರು ನೋಡಿ ಸೀನು, ತುರಿಕೆ, ದದ್ದು, ಕಣ್ಣಲ್ಲಿ ನೀರು. ಇಷ್ಟೆಲ್ಲಾ ಅಬ್ಬರ ಒಂದು ಹೂವಿನ ಪುಡಿ ಮೇಲೆ.

ಇಂಥವರು ನಾಲ್ಕು ಸಲ ಒಟ್ಟಿಗೆ ಸೀನಿದ್ರೆ ಸಾಕು, ಪಕ್ಕದಲ್ಲಿರೋರು, ನಿಂಗೆ ಇಮ್ಯುನಿಟಿ ವೀಕಾಗಿದೆ ಕಣೋ ಅಂತ ಡಿಕ್ಲೇರ್ ಮಾಡೇಬಿಡ್ತಾರೆ. ವೀಕಾ? ಅವನ ಇಮ್ಯುನಿಟಿ ಬೇಡದಿರೋ ಜಗಳನೆಲ್ಲಾ ಮೈಮೇಲೆ ಎಳ್ಕೊಂಡು ಹೊಡೆದಾಡ್ತಿದೆ, ಅವನು ಡಾಕ್ಟರ್ ಹತ್ರ ಹೋಗಿ ಆಂಟಿಹಿಸ್ಟಮಿನ್ ತಗೊಂಡು ಅದನ್ನ ಸುಮ್ಮನಿರಿಸೋಕೆ ನೋಡ್ತಾ ಇದ್ರೆ ಇವರು ಇನ್ನಷ್ಟು ಪುಡಿ ಕಲಸಿ ಕುಡಿ ಅಂತಾರೆ.

ಇಮ್ಯುನಿಟಿನ ನಾವೇ ಏರಿಸ್ತೀವಿ ಅಂತ ಹೊರಟೋರು ಇವರೇ ಮೊದಲಲ್ಲ ಬಿಡಿ. 1901ರಲ್ಲಿ ಶಾರ್ಲ್ ರಿಶೆ ಮತ್ತೆ ಪಾಲ್ ಪೋರ್ಟಿಯೆ ಅಂತ ಫ್ರಾನ್ಸಿನ ಇಬ್ಬರು ವಿಜ್ಞಾನಿಗಳು ಮೊನಾಕೋದ ದೊರೆ ಒಂದನೇ ಆಲ್ಬರ್ಟ್‌ನ ಹಡಗಲ್ಲಿ ಹೋಗಿ ಕಡಲ ಜೀವಿಗಳ ವಿಷದ ಮೇಲೆ ಕೆಲಸ ಶುರು ಮಾಡಿದ್ರು. ಊರಿಗೆ ವಾಪಸ್ ಬಂದ ಮೇಲೆ ನಾಯಿಗಳಿಗೆ ಸೀ ಅನಿಮೋನಿ ವಿಷನ ಸ್ವಲ್ಪ ಸ್ವಲ್ಪ ಕೊಟ್ರು, ಮೊದಲನೇ ಡೋಸ್ ತಡ್ಕೊಂಡ ನಾಯಿಗೆ ಎರಡನೇದು ಇನ್ನೂ ಸಲೀಸು ಅನ್ನೋದು ಅವತ್ತಿನ ನಂಬಿಕೆ. ನೆಪ್ಚೂನ್ ಅಂತ ಒಂದು ಗಟ್ಟಿಮುಟ್ಟಾದ ನಾಯಿ, ಮೊದಲನೇ ಡೋಸಿಗೆ ಏನೂ ಆಗ್ಲಿಲ್ಲ. ಸುಮಾರು ಮೂರು ವಾರ ಬಿಟ್ಟು ಮತ್ತೆ ಒಂಚೂರು ಕೊಟ್ರು ನೋಡಿ, ಅರ್ಧ ಗಂಟೆಯೊಳಗೆ ಸತ್ತೇ ಹೋಯ್ತು. ಕೊಂದಿದ್ದು ವಿಷದ ಪ್ರಮಾಣ ಅಲ್ಲ, ಮೊದಲನೇ ಸಲದ ನೆನಪಿಟ್ಟುಕೊಂಡಿದ್ದ ಅದರದೇ ಇಮ್ಯುನಿಟಿ. 1902ರಲ್ಲಿ ಇದಕ್ಕೆ ಅನಫಿಲ್ಯಾಕ್ಸಿಸ್ ಅಂತ ಹೆಸರಿಟ್ರು, 1913ರಲ್ಲಿ ರಿಶೆಗೆ ನೊಬೆಲ್ ಬಂತು, ನಾಯಿಗೆ ಏನೂ ಬರ್ಲಿಲ್ಲ. ಇವತ್ತು ಜೇನ್ನೊಣ ಕಚ್ಚಿ, ಇಲ್ಲಾ ಒಂದು ಇಂಜೆಕ್ಷನ್ ಒಗ್ಗದೆ, ಗಂಟಲು ಕಟ್ಟಿ ಬಿಪಿ ಬಿದ್ದು ಒದ್ದಾಡೋರಿಗೆ ಆಗೋದು ಇದೇ. ಅವರಿಗೆ ತಕ್ಷಣ ಬೇಕಾಗೋದು ಅಡ್ರಿನಲಿನ್, ಬೂಸ್ಟರ್ ಅಲ್ಲ.

ಅದು ಹಳೇ ಕಥೆ ಅಂತೀರೇನೋ, ಹೊಸದು ಕೇಳಿ. 2006ರ ಮಾರ್ಚಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಅನ್ನೋ ಔಷಧಿನ ಮೊದಲನೇ ಸಲ ಮನುಷ್ಯರಿಗೆ ಕೊಟ್ಟು ನೋಡಿದ್ರು. ಟಿ ಕಣಗಳು ಅನ್ನೋ ಬಿಳಿ ರಕ್ತಕಣಗಳನ್ನ ನೇರವಾಗಿ ಎಬ್ಬಿಸೋ ಪ್ರತಿಕಾಯ ಅದು, ಬಾಟಲಿ ಮೇಲಿನ ಬರೀ ಮಾತಲ್ಲ, ಅಸಲಿ ಬೂಸ್ಟು. ಉದ್ದೇಶನೂ ಒಳ್ಳೇದೇ ಇತ್ತು, ಸಂಧಿವಾತದಂಥ ಕಾಯಿಲೆಗೆ ಉಪಯೋಗ ಆಗ್ಲಿ ಅಂತ. ಪ್ರಾಣಿಗಳಿಗೆ ಸೇಫ್ ಅನ್ನಿಸಿದ ಡೋಸಿನ 500ರಲ್ಲಿ ಒಂದು ಪಾಲು ಮಾತ್ರ ಕೊಟ್ಟಿದ್ದು, ಅದೂ ಆರು ಜನ ಆರೋಗ್ಯವಂತ ಗಂಡಸರಿಗೆ. ಎರಡು ಗಂಟೆ ಕಳೆಯೋದರೊಳಗೆ ತಲೆನೋವು, ಬೆನ್ನುನೋವು, ಜ್ವರ, ಒಂದು ದಿನ ಆಗೋದರೊಳಗೆ ಆರೂ ಜನ ಐಸಿಯುನಲ್ಲಿ, ಅಂಗಾಂಗ ಒಂದೊಂದೇ ಕೈಕೊಡೋಕೆ ಶುರು. ಪುಣ್ಯಕ್ಕೆ ಎಲ್ಲರೂ ಬದುಕಿಕೊಂಡ್ರು. ಇಮ್ಯುನಿಟಿ ನಿಜವಾಗ್ಲೂ ಬೂಸ್ಟ್ ಆದ್ರೆ ಹಿಂಗಿರುತ್ತೆ ಸ್ವಾಮಿ, ಇಮ್ಯುನಿಟಿ ಕಣಗಳ ಸಂದೇಶದ ರಾಸಾಯನಿಕಗಳು ಒಮ್ಮೆಲೇ ಉಕ್ಕಿ ಹರಿಯೋ ಇದಕ್ಕೆ ಸೈಟೊಕೈನ್ ಸ್ಟಾರ್ಮ್ ಅಂತಾರೆ. ಈ ಲೆಕ್ಕದಲ್ಲಿ ನೋಡಿದ್ರೆ ಅಂಗಡಿಯ ಬೂಸ್ಟರ್‌ಗಳು ಕೆಲಸ ಮಾಡಲ್ಲ ಅನ್ನೋದೇ ನಮ್ಮ ಅದೃಷ್ಟ, ಮಾಡಿದ್ದಿದ್ರೆ ಪ್ರತಿ ಬಾಟಲಿ ಜೊತೆ ಒಂದು ಐಸಿಯು ಬೆಡ್ ಫ್ರೀ ಕೊಡ್ಬೇಕಾಗ್ತಿತ್ತು.

2020 ಅಂತೂ ಈ ತಮಾಷೆಯ ಸುವರ್ಣಯುಗ. ಮಂಚಕ್ಕೆ ಹಾಸೋ ಬೆಡ್‌ಶೀಟಿಂದ ಹಿಡಿದು ಬಿಸ್ಕತ್ತಿನವರೆಗೂ ಯಾವುದಕ್ಕೆ ಅಂಟಿಸಿದ್ರೂ ನಡೆಯೋ ಪದ ಆಗಿಹೋಯ್ತು ಇಮ್ಯುನಿಟಿ. ಅದೇ ಹೊತ್ತಲ್ಲಿ ಬ್ರಿಟನ್ನಿನಲ್ಲಿ ರಿಕವರಿ ಅನ್ನೋ ದೊಡ್ಡ ಟ್ರಯಲ್ ನಡೀತಾ ಇತ್ತು, ಜೂನಲ್ಲಿ ಅದರ ರಿಸಲ್ಟ್ ಬಂತು: ಡೆಕ್ಸಾಮೆಥಸೋನ್ ಅನ್ನೋ ಹಳೇ ಅಗ್ಗದ ಸ್ಟೀರಾಯ್ಡ್ ಕೊಟ್ರೆ ವೆಂಟಿಲೇಟರ್ ಮೇಲಿದ್ದ ಕೋವಿಡ್ ರೋಗಿಗಳಲ್ಲಿ ಸಾವು ಮೂರನೇ ಒಂದು ಭಾಗ ಕಮ್ಮಿ, ಆಕ್ಸಿಜನ್ ಮೇಲಿದ್ದವರಲ್ಲಿ ಐದನೇ ಒಂದು ಭಾಗ ಕಮ್ಮಿ. ಈ ಡೆಕ್ಸಾಮೆಥಸೋನ್ ಮಾಡೋದೇನು ಗೊತ್ತಾ? ಇಮ್ಯುನಿಟಿನ ಅದುಮೋದು! ಅಂದ್ರೆ ಹೊರಗಡೆ ಇಡೀ ಪ್ರಪಂಚ ಇಮ್ಯುನಿಟಿ ಏರಿಸ್ಕೋಬೇಕು ಅಂತ ಕ್ಯೂ ನಿಂತಿದ್ದಾಗ ಐಸಿಯು ಒಳಗೆ ಡಾಕ್ಟರುಗಳು ಅದನ್ನ ಇಳಿಸಿ ಜೀವ ಉಳಿಸ್ತಾ ಇದ್ರು. ಆಕ್ಸಿಜನ್ ಬೇಕಾಗದೇ ಇದ್ದವರಿಗೆ ಅದೇ ಸ್ಟೀರಾಯ್ಡಿಂದ ಉಪಯೋಗ ಆಗ್ಲಿಲ್ಲ, ಅದೂ ಹೇಳ್ಬೇಕಾದ ಮಾತು. ಯಾವಾಗ ಏರಬೇಕು, ಯಾವಾಗ ಇಳೀಬೇಕು ಅನ್ನೋದೇ ಇಲ್ಲಿ ಇರೋ ವಿಷಯ. ಇಷ್ಟನ್ನ ಲೇಬಲ್ ಮೇಲೆ ಬರೆಯೋಕೆ ಜಾಗ ಸಾಲಲ್ಲ ಅನ್ಸುತ್ತೆ.

ಇನ್ನು ಬೇಲಿಯೇ ಎದ್ದು ಹೊಲ ಮೇಯೋ ಕಾಯಿಲೆಗಳು. ಟೈಪ್ 1 ಡಯಾಬಿಟಿಸಲ್ಲಿ ಇನ್ಸುಲಿನ್ ಮಾಡೋ ಕಣಗಳನ್ನ, ರುಮಟಾಯ್ಡ್ ಆರ್ಥ್ರೈಟಿಸಲ್ಲಿ ಕೀಲಿನ ಪೊರೆನ, ಲೂಪಸಲ್ಲಿ ಹೆಚ್ಚುಕಮ್ಮಿ ಯಾವ ಅಂಗ ಸಿಕ್ರೆ ಅದನ್ನ, ಹೊಡೆಯೋದು ನಮ್ಮದೇ ಇಮ್ಯುನಿಟಿ. ಇಂಥವರಲ್ಲಿ ಎಷ್ಟೋ ಜನ, ಹಾಗೇ ಕಿಡ್ನಿ ಕಸಿ ಮಾಡಿಸ್ಕೊಂಡವರು, ಇಮ್ಯುನಿಟಿ ತಗ್ಗಿಸೋ ಮಾತ್ರೆ ನುಂಗ್ಕೊಂಡೇ ಬದುಕ್ತಿರ್ತಾರೆ. ಅವರ ಕಷ್ಟ ಆ ಮಾತ್ರೆ ಅಲ್ಲ, ನೆಂಟರು. "ಸುಸ್ತಾಗಿ ಕಾಣ್ತೀಯಲ್ಲಮ್ಮಾ, ಇಮ್ಯುನಿಟಿ ಕಮ್ಮಿ ಇರ್ಬೇಕು, ಈ ಪುಡಿ ತಗೋ, ಪೂರ್ತಿ ನ್ಯಾಚುರಲ್ಲು, ಸೈಡ್ ಎಫೆಕ್ಟ್ ಇಲ್ಲ." ಹೌದು ಅತ್ತೆ, ನಂದು ಕಮ್ಮಿ ಇದೆ, ತಿಂಗಳಾ ತಿಂಗಳಾ ದುಡ್ಡು ಕೊಟ್ಟು ಕಮ್ಮಿ ಮಾಡಿಸ್ಕೊಳ್ತಾ ಇದೀನಿ ಅಂತ ಹೇಳಿದ್ರೆ ಅವರು ನಂಬ್ತಾರಾ?

ನೆಗಡಿ ವಿಷಯಕ್ಕೆ ಬಂದ್ರಂತೂ ನಗು ತಡೆಯೋಕಾಗಲ್ಲ. ನೆಗಡಿ ಬರಬಾರದು ಅಂತ ತಾನೇ ಎಲ್ಲರೂ ಇದನ್ನ ತಗೊಳ್ಳೋದು? ಮೂಗು ಸೋರೋದು, ಗಂಟಲು ಊದೋದು, ಮೈ ಬಿಸಿಯಾಗೋದು, ಇವುಗಳಲ್ಲಿ ಬಹುಪಾಲು ವೈರಸ್ಸಿನ ಕೈವಾಡ ಅಲ್ಲ, ವೈರಸ್ ಬಂದಿದೆ ಅಂತ ನಮ್ಮ ಇಮ್ಯುನಿಟಿ ಎಬ್ಬಿಸಿದ ಗಲಾಟೆ. ಜ್ವರನೂ ಅಷ್ಟೇ, ಬಿಳಿ ಕಣಗಳಿಂದ ಸಂದೇಶ ಹೋಗಿ ಮೆದುಳೇ ಮೈಯ ಉಷ್ಣತೆ ಏರಿಸೋದು. ಇದನ್ನ ಬೂಸ್ಟ್ ಮಾಡಿದ್ರೆ ಕರವಸ್ತ್ರ ಇನ್ನೊಂದಿಷ್ಟು ಬೇಕಾಗುತ್ತೆ ಅಷ್ಟೇ.

ಡಬ್ಬಿಯೊಳಗೆ ಇರೋದಾದ್ರೂ ಏನು? ವಿಟಮಿನ್ ಸಿ, ಬೇಕಾದಷ್ಟು ಇಟ್ಕೊಂಡು ಮಿಕ್ಕಿದ್ದನ್ನ ಮೈ ಮೂತ್ರದಲ್ಲಿ ಕಳಿಸಿಬಿಡುತ್ತೆ. ಜಿಂಕ್ ಇದೆ, ಕೊರತೆ ಇದ್ದವರಿಗೆ ಅದು ಬೇಕೇ ಬೇಕು, ಸುಳ್ಳಲ್ಲ. ಆದ್ರೆ ಒಳ್ಳೇದು ಅಂತ ತಿಂಗಳುಗಟ್ಟಲೆ ಮುಕ್ಕಿದ್ರೆ ಅದು ಮೈಗೆ ತಾಮ್ರ ಸೇರೋದನ್ನ ತಡೆಯುತ್ತೆ, ತಾಮ್ರ ಕಮ್ಮಿ ಆದ್ರೆ ಆ ನ್ಯೂಟ್ರೋಫಿಲ್‌ಗಳೇ ಕಮ್ಮಿ ಆಗ್ತವೆ. ಬೂಸ್ಟರ್ ತಿಂದು ಇಮ್ಯುನಿಟಿ ಕಳ್ಕೊಳ್ಳೋದು ಅಂದ್ರೆ ಇದೇ. ಎಕಿನೇಶಿಯ ಅನ್ನೋ ಗಿಡಮೂಲಿಕೆ ಇನ್ನೊಂದು ಥರ, ಸೇವಂತಿಗೆ ಕುಟುಂಬದ್ದು, ಆ ಕುಟುಂಬದ ಗಿಡಗಳು ಆಗದೇ ಇರೋರಿಗೆ ಅದೇ ಅಲರ್ಜಿ ತರಿಸಬಹುದು. ಒಪ್ಪಿಕೊಳ್ಳೋಣ, ಅದು ಮಾತ್ರ ಮಾತಿಗೆ ತಪ್ಪಿಲ್ಲ.

ನಂಗೆ ಎಲ್ಲಕ್ಕಿಂತ ಖುಷಿ ಕೊಡೋದು ದೇಹದ ಸ್ವಂತ ಅಭಿಪ್ರಾಯ. ಎದೆಮೂಳೆಯ ಹಿಂದೆ ಥೈಮಸ್ ಅಂತ ಒಂದು ಗ್ರಂಥಿ ಇದೆ, ಟಿ ಕಣಗಳಿಗೆ ಅಲ್ಲಿ ಪರೀಕ್ಷೆ, ಕೆಲಸಕ್ಕೆ ಬಾರದವು ಫೇಲು, ಸ್ವಂತದವರ ಮೇಲೆ ಕೈ ಎತ್ತೋವೂ ಫೇಲು, ಫೇಲಾದ್ರೆ ಸಾವು. ನೂರಕ್ಕೆ 95ಕ್ಕಿಂತ ಜಾಸ್ತಿ ಅಲ್ಲೇ ಮುಗಿದುಹೋಗ್ತವೆ. ತಪ್ಪಿಸಿಕೊಂಡು ಹೊರಗೆ ಬಂದ ಪುಂಡರನ್ನ ತಡೆಯೋಕೆ ರೆಗ್ಯುಲೇಟರಿ ಟಿ ಕಣಗಳು ಅಂತ ಬೇರೆ ಇವೆ, 1995ರಲ್ಲಿ ಜಪಾನಿನ ಶಿಮೋನ್ ಸಕಾಗುಚಿ ತೋರಿಸಿದ್ದು, 2001ರಲ್ಲಿ ಮೇರಿ ಬ್ರಂಕೋ ಮತ್ತೆ ಫ್ರೆಡ್ ರಾಮ್ಸ್‌ಡೆಲ್ ಇದಕ್ಕೆ ಸಂಬಂಧಪಟ್ಟ ಫಾಕ್ಸ್‌ಪಿ3 ಅನ್ನೋ ಜೀನ್ ಹಿಡಿದ್ರು, 2025ರ ವೈದ್ಯಕೀಯ ನೊಬೆಲ್ ಈ ಮೂವರಿಗೇ. ಆ ಜೀನ್ ಕೆಟ್ಟು ಹುಟ್ಟಿದ ಮಕ್ಕಳಿಗೆ ಕರುಳು, ಚರ್ಮ, ಥೈರಾಯ್ಡ್, ಪ್ಯಾಂಕ್ರಿಯಾಸ್ ಎಲ್ಲದರ ಮೇಲೂ ಸ್ವಂತ ಇಮ್ಯುನಿಟಿಯದೇ ದಾಳಿ. ಹೇಳೋರು ಕೇಳೋರು ಇಲ್ಲದ ಇಮ್ಯುನಿಟಿ ಅದು, ಜಾಹೀರಾತಿನ ಲೆಕ್ಕದಲ್ಲಿ ಪ್ರಪಂಚದ ಅತ್ಯಂತ ಆರೋಗ್ಯವಂತ ಮಕ್ಕಳು ಅವರೇ ಆಗಿರ್ಬೇಕಿತ್ತು.

ಇಷ್ಟರ ಮಧ್ಯೆ, ಒಂದು ನಿರ್ದಿಷ್ಟ ರೋಗಾಣು ಗುರುತಿಸೋದನ್ನ ಇಮ್ಯುನಿಟಿಗೆ ನಿಜವಾಗ್ಲೂ ಕಲಿಸೋ ಒಂದು ವಿಧಾನ 1796ರಿಂದ ನಮ್ಮ ಹತ್ರ ಇದೆ, ಲಸಿಕೆ ಅಂತ. ಬಾಟಲಿ ಭಕ್ತರಲ್ಲಿ ಒಂದು ಪಂಗಡಕ್ಕೆ ಅದು ಮಾತ್ರ ಬೇಡ. ಹಾಕಿಸ್ಕೊಂಡ್ರೂ ಮಾರನೇ ದಿನ ತೋಳು ನೋವು, ಮೈ ಬಿಸಿ, ಅಯ್ಯೋ ನೋಡಿ ಏನೇನೋ ಚುಚ್ಚಿಬಿಟ್ರು ಅಂತ ಗೋಳಾಟ. ಆ ನೋವು, ಆ ಬಿಸಿ ಇಮ್ಯುನಿಟಿ ಪಾಠ ಓದ್ತಾ ಇರೋದು ಮಾರಾಯ್ರೇ, ವರ್ಷಾನುಗಟ್ಟಲೆ ಡಬ್ಬಿ ಖಾಲಿ ಮಾಡಿ ನೀವು ಕಾಯ್ತಾ ಇದ್ದದ್ದು ಇದಕ್ಕೇ ಅಲ್ವಾ.

ಹೋಗ್ಲಿ, ಈ ಬಾಟಲಿಗಳ ಕೆಳಗಿನ ರಿವ್ಯೂಗಳನ್ನ ಸುಮ್ನೆ ಊಹಿಸ್ಕೊಳ್ಳಿ. ಒಬ್ಬರು ನೆಗಡಿನೇ ಬರ್ಲಿಲ್ಲ ಅಂತ ಐದು ಸ್ಟಾರ್ ಕೊಟ್ಟಿರ್ತಾರೆ, ಇನ್ನೊಬ್ಬರು ಬಂತು ಆದ್ರೆ ಒಂದೇ ವಾರದಲ್ಲಿ ಹೋಯ್ತು ಅಂತ ಐದು, ಮತ್ತೊಬ್ಬರು ಎರಡು ವಾರ ಮಲಗಿದ್ದೆ, ಇದು ಇಲ್ದಿದ್ರೆ ಏನಾಗ್ತಿತ್ತೋ ಅಂತ ಐದು. ಕೊನೇಲಿ ಯಾರೋ ಒಬ್ಬ ಪಾಪದವನು ಒಂದು ಸ್ಟಾರ್ ಕೊಟ್ಟು, ಇದನ್ನ ತಗೊಂಡ ದಿನದಿಂದ ಮೈಯೆಲ್ಲಾ ದದ್ದು, ತುರಿಕೆ ತಡೆಯೋಕಾಗ್ತಿಲ್ಲ ಅಂತ ಬರೆದಿರ್ತಾನೆ. ಅದಕ್ಕೆ ಕಂಪನಿ ಉತ್ತರ: "ಚಿಂತೆ ಬೇಡ ಸರ್, ನಿಮ್ಮ ಇಮ್ಯುನಿಟಿ ಚೆನ್ನಾಗಿ ಕೆಲಸ ಮಾಡ್ತಿದೆ ಅನ್ನೋದಕ್ಕೆ ಇದೇ ಸಾಕ್ಷಿ." ಇಡೀ ವ್ಯಾಪಾರದಲ್ಲಿ ಅವರು ಆಡಿದ ಒಂದೇ ಒಂದು ನಿಜ ಅದು.