ಹೊಡೆದವರ ಠಾಣೆಗೇ ಹೋಗಿ ಹೇಳಿಕೆ ಕೊಡಬೇಕೆ?

ಮೈಯೆಲ್ಲ ಉರಿಯುತ್ತಿದೆ. ನಮ್ಮ ಬೀದಿಯ ಹುಡುಗನೊಬ್ಬನನ್ನು ಬಂಧಿಸುವಾಗ ಮನಸೋ ಇಚ್ಛೆ ಥಳಿಸಿದ್ದಾರೆ. ತೊಡೆಯ ಹಿಂಭಾಗದಲ್ಲಿ ಬಾಸುಂಡೆಗಳು ಹಲಗೆಯ ಅಂಚಿನಷ್ಟು ದಪ್ಪಗೆ ಎದ್ದಿವೆ, ಅಂಗಾಲು ಊರಲಾಗುತ್ತಿಲ್ಲ. ತಂದೆ ಮೇಲಧಿಕಾರಿಗಳಿಗೆ ದೂರು ಕೊಟ್ಟರು. ಇಂದು ಕರೆ ಬಂತು: ಹೇಳಿಕೆ ದಾಖಲಿಸಲು ಅದೇ ಠಾಣೆಗೆ ಬರಬೇಕಂತೆ! ಯಾರ ಮೇಲೆ ದೂರೋ ಅವರ ಮೇಜಿನ ಮುಂದೆಯೇ ಕೂತು ಆ ಹುಡುಗ ಏನು ಹೇಳಿಯಾನು?

ಇದನ್ನು ತಪ್ಪಿಸಲೆಂದೇ 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ಪೊಲೀಸ್ ದೂರು ಪ್ರಾಧಿಕಾರ ಇರಬೇಕು, ನಿವೃತ್ತ ನ್ಯಾಯಾಧೀಶರು ಅದರ ಅಧ್ಯಕ್ಷರಾಗಬೇಕು ಎಂದಿತು. ನಮ್ಮ ರಾಜ್ಯವೂ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. ಆದರೂ ಏಟು ತಿಂದ ಮನೆಯವರಿಗೆ ಆ ಬಾಗಿಲನ್ನು ತೋರಿಸುವವರಿಲ್ಲ. ಸುತ್ತಿ ಸುತ್ತಿ ದೂರು ಮತ್ತೆ ಅದೇ ಇಲಾಖೆಗೆ ಬಂದು ಬೀಳುತ್ತದೆ.

'ಪೊಲೀಸರಿಗೂ ಏಟು ಬೀಳುತ್ತದೆ, ಆರೋಪಿ ಕೊಸರಾಡಿದರೆ ಅವರೇನು ಮಾಡಬೇಕು?' ಎನ್ನುವವರಿದ್ದಾರೆ. ಕೊಸರಾಡಿದವನನ್ನು ಹಿಡಿಯಲು ಬೇಕಾದಷ್ಟು ಬಲವನ್ನು ಕಾನೂನೇ ಕೊಟ್ಟಿದೆ. ಹಿಡಿದ ಮೇಲೆ ಅಂಗಾಲಿಗೆ ಹೊಡೆಯಲು ಯಾವ ಕಾನೂನೂ ಹೇಳಿಲ್ಲ. ನಿಜಕ್ಕೂ ತಪ್ಪು ಮಾಡದ ಪೊಲೀಸನಿಗೂ ಹೊರಗಿನವರ ತನಿಖೆಯೇ ಶ್ರೀರಕ್ಷೆ.

2020ರ ಜೂನ್‌ನಲ್ಲಿ ತಮಿಳುನಾಡಿನ ಸಾತಾನ್‌ಕುಳಂನಲ್ಲಿ ಲಾಕ್‌ಡೌನ್ ವೇಳೆ ಬಂಧಿತರಾದ ತಂದೆ-ಮಗ ಇಬ್ಬರೂ ಸತ್ತರಲ್ಲ, ಅಲ್ಲಿ ಠಾಣೆಯ ಕ್ಯಾಮೆರಾದ ದೃಶ್ಯಗಳು ದಿನದಿನವೂ ಅಳಿಸಿಹೋಗುವಂತೆ ಮಾಡಿಡಲಾಗಿತ್ತು. ಅದು ಬಯಲಾದದ್ದು ಹೈಕೋರ್ಟ್ ಕಳುಹಿಸಿದ ಮ್ಯಾಜಿಸ್ಟ್ರೇಟರಿಂದ. ನಡೆದದ್ದನ್ನು ಅವರಿಗೆ ಹೇಳಿದ್ದು ಅದೇ ಠಾಣೆಯ ಮಹಿಳಾ ಹೆಡ್ ಕಾನ್‌ಸ್ಟೆಬಲ್. ಆಕೆಯ ಧೈರ್ಯಕ್ಕೆ ಕೈಮುಗಿಯುತ್ತೇನೆ. ಹೊರಗಿನವರೊಬ್ಬರು ಬಂದು ಕೇಳಿದ್ದರಿಂದ ತಾನೇ ಆಕೆಗೂ ಬಾಯಿ ತೆರೆಯಲು ಸಾಧ್ಯವಾಯಿತು? ಅದೇ ವರ್ಷದ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕು, ದೃಶ್ಯಗಳನ್ನು 18 ತಿಂಗಳು ಕಾಯ್ದಿಡಬೇಕು ಎಂದಿತು.

ಆದ್ದರಿಂದ ಯಾರ ಮನೆಯಲ್ಲೇ ಇಂಥದ್ದಾದರೂ ತಡಮಾಡಬೇಡಿ. ಗಾಯ ಮಾಸುವ ಮೊದಲೇ ಫೋಟೊ ತೆಗೆಯಿರಿ. ಬಂಧಿತನ ವೈದ್ಯಕೀಯ ವರದಿಯ ಪ್ರತಿ ಪಡೆಯುವುದು ಅವನ ಹಕ್ಕು, ಕೇಳಿ ಪಡೆಯಿರಿ. ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದಾಗ ಹೊಡೆದದ್ದನ್ನು ಬಾಯಿಬಿಟ್ಟು ಹೇಳಲಿ. ಠಾಣೆಯ ದೃಶ್ಯಗಳನ್ನು ಅಳಿಸದೆ ಇಡುವಂತೆ ಅಂದೇ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ.